ಮಾನಿಟರ್ ಮುಟ್ಟದ ಗಂಟೆ

ಒದ್ದೆಯಾದ ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ, ಅರ್ಧ ಒಣಗುವ ಹೊತ್ತಿಗೆ ಅದರಿಂದ ಒಂದು ವಾಸನೆ ಏಳುತ್ತದೆ. ಹುಳಿಯೂ ಅಲ್ಲ, ಉಪ್ಪೂ ಅಲ್ಲ, ಎರಡರ ನಡುವಿನದು. ಅವಳು ಚಿಕ್ಕವಳಿದ್ದಾಗ ಮನೆಯ ಹಿಂದಿನ ಮೋಟುಗೋಡೆಯ ಮೇಲೆ ವಾರಕ್ಕೆ ಮೂರು ದಿನವಾದರೂ ಅಂಥದೊಂದು ಹಾಸಿಗೆ ಬಿದ್ದಿರುತ್ತಿತ್ತು. ಆ ದಾರಿಯಲ್ಲಿ ಹೋಗುವವರು ಮೂಗಿಗೆ ಬಟ್ಟೆ ಹಿಡಿಯುತ್ತಿದ್ದರು. ಆಮೇಲೆ ಅವಳು ದೊಡ್ಡವಳಾದಳು, ಮದುವೆಯಾದಳು, ಆಸ್ಪತ್ರೆಯ ಲಾಂಡ್ರಿಗೆ ಸೇರಿ ಹನ್ನೊಂದು ವರ್ಷ ಮೈಲಿಗೆ ಹಾಸುಬಟ್ಟೆಗಳನ್ನು ಬೇರ್ಪಡಿಸಿದಳು. ರಕ್ತದ್ದು ತಣ್ಣೀರಿಗೆ, ಔಷಧದ್ದು ಸೋಡಾ ನೀರಿಗೆ, ಉಚ್ಚೆಯದ್ದಕ್ಕೆ ಎರಡು ಸಲದ ತೊಳೆತ. ತನ್ನ ಮೂಗು ಸತ್ತೇಹೋಗಿದೆ ಎಂದುಕೊಂಡಿದ್ದಳು. ಆದರೆ ಆ ದಿನ ಮಧ್ಯಾಹ್ನ ಮೂರು ಗಂಟೆಗೆ, ಮೂರನೆಯ ಮಹಡಿಯ ತನ್ನ ಮನೆಯ ಬಾಗಿಲು ತೆರೆದಾಗ, ಹಳೆಯ ವಾಸನೆ ಹೆಸರು ಹಿಡಿದು ಕರೆದ ಹಾಗೆ ಎದುರಿಗೇ ಬಂತು.

ಒಳಗೆ ಮಾವ ಕುಕ್ಕರುಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದರು. ಒರೆಸುತ್ತಿದ್ದದ್ದು ಮುಖ ಒರೆಸುವ ಟವೆಲಿನಲ್ಲಿ.

"ಅದು ನನ್ನ ಟವೆಲ್ ಮಾವ."

"ಓ. ಕಣ್ಣು ಮಂಜು ನೋಡು, ಬಣ್ಣ ತಿಳೀಲಿಲ್ಲ. ತೊಳೆದು ಕೊಡ್ತೀನಿ."

"ಬೇಡ ಬಿಡಿ. ತೊಳೆಯೋದು ನನಗೇನು ಹೊಸದಾ?"

ನಾಯಿ ಮಂಚದ ಕೆಳಗಿತ್ತು. ಮೂಗು ಮಾತ್ರ ಹೊರಗೆ ಕಾಣುತ್ತಿತ್ತು.

ಮಾವ ಒಂದು ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಜವಾನರಾಗಿದ್ದವರು. ಗಂಟೆ ಹೊಡೆಯುವುದು ಅವರ ಕೆಲಸ. ನಿವೃತ್ತಿಯಾದ ಮೇಲೂ, ಅತ್ತೆ ತೀರಿಕೊಂಡ ಮೇಲೂ, ಶಾಲೆಯ ಹಿಂದಿನ ಒಂದು ಕೋಣೆಯಲ್ಲೇ ಉಳಿದಿದ್ದರು. ಹೊಸ ಕಟ್ಟಡಕ್ಕೆಂದು ಆ ಕೋಣೆಯನ್ನು ಕೆಡವಿದಾಗ ಒಂದು ಟ್ರಂಕು, ಪರೀಕ್ಷೆಯ ಕೋಣೆಯಲ್ಲಿ ಬಾರಿಸುತ್ತಿದ್ದ ಒಂದು ಚಿಕ್ಕ ಹಿತ್ತಾಳೆ ಗಂಟೆ, ಒಂದು ನಾಯಿ, ಇಷ್ಟನ್ನು ಹಿಡಿದುಕೊಂಡು ಮಗನ ಮನೆಗೆ ಬಂದರು. ಕಂದು ಬಣ್ಣದ ನಾಯಿ, ಒಂದು ಕಿವಿ ಸದಾ ಮಡಿಚಿಕೊಂಡಿರುತ್ತಿತ್ತು. ಮೂರನೇ ಕ್ಲಾಸಿನ ಹೊಸ್ತಿಲಲ್ಲಿ ಕೂತು ಮಾತಾಡಿದವರ ಹೆಸರು ಬರೆದುಕೊಳ್ಳುವ ಹಾಗೆ ಮಕ್ಕಳನ್ನು ನೋಡುತ್ತಿತ್ತು ಎಂದು ಅಲ್ಲಿನ ಮಕ್ಕಳೇ ಅದಕ್ಕೆ ಮಾನಿಟರ್ ಎಂದು ಹೆಸರಿಟ್ಟಿದ್ದರು.

ಆ ಕೋಣೆಗೆ ಹಗಲು ಬಾಗಿಲು ಹಾಕುವ ರೂಢಿಯೇ ಇರಲಿಲ್ಲ. ಎದುರಿಗೆ ದೊಡ್ಡ ಬಯಲು. ನಾಲ್ಕು ವರ್ಷ ಆ ನಾಯಿ ಹೊರಗೆ ಹೋಗಬೇಕೆಂದರೆ ಎದ್ದು ಹೋಗುತ್ತಿತ್ತು, ಅಷ್ಟೆ. ಯಾರನ್ನೂ ಕೇಳಿ ಗೊತ್ತಿರಲಿಲ್ಲ. ಇಲ್ಲಿ ಬಾಗಿಲಿಗೆ ಚಿಲಕ, ಚಿಲಕದಾಚೆ ನಲವತ್ತೆಂಟು ಮೆಟ್ಟಿಲು.

ಆ ವಾರದಲ್ಲೇ ಅದು ಒಂದು ದಿನ ತಡೆಯಲಾರದೆ, ಚಿಲಕ ಸರಿದದ್ದೇ ಮೆಟ್ಟಿಲಿಳಿದು ಓಡಿ, ಎರಡನೇ ಮಹಡಿಯಲ್ಲಿ ಬಾಗಿಲು ತೆರೆದಿಟ್ಟು ಹೊಲಿಯುತ್ತಿದ್ದ ದರ್ಜಿಯಮ್ಮನ ಬಟ್ಟೆಗಂಟಿನ ಮೇಲೆ ಕೆಲಸ ಮುಗಿಸಿತು. ಗಿರಾಕಿಯೊಬ್ಬರು ಕೊಟ್ಟಿದ್ದ ಬಿಳಿ ಪರದೆಯ ಬಟ್ಟೆ. ದರ್ಜಿಯಮ್ಮ ಗಂಟನ್ನು ಹೊತ್ತುಕೊಂಡು ಮೇಲೆ ಬಂದಳು.

"ನಾನು ಜಗಳಕ್ಕೆ ಬಂದಿಲ್ಲ. ಇದನ್ನ ಏನು ಮಾಡ್ಲಿ ಹೇಳಿ, ಅಷ್ಟೆ. ನೀವು ಲಾಂಡ್ರಿಯವರು, ನಿಮಗೇ ಗೊತ್ತು."

"ಕೊಡಿ. ನಾಳೆ ಸಂಜೆ ಒಳಗೆ ಕೊಡ್ತೀನಿ."

"ಮಡಿಕೆ ಹಾಗೇ ಬರಬೇಕು."

"ಬರುತ್ತೆ."

ಅದನ್ನು ಅವಳು ಎರಡು ಸಲ ತೊಳೆದು, ಕೈಯಾರೆ ಇಸ್ತ್ರಿ ಮಾಡಿ ಕೊಟ್ಟಳು. ಆ ರಾತ್ರಿಯ ಊಟಕ್ಕೆ ಅನ್ನ, ಬೇಳೆ ಎರಡೇ. ಪಲ್ಯ ಎಲ್ಲಿ ಎಂದು ಗಂಡ ಕೇಳಿದ.

"ಪರದೆ ಒಗೀತಿದ್ದೆ. ಅದನ್ನೇ ಹಾಕ್ಲಾ ತಟ್ಟೆಗೆ?"

ಗಂಡ ಸಿಟಿ ಬಸ್ಸಿನ ಚಾಲಕ. ದಿನವೆಲ್ಲ ಜನರ ಬೈಗುಳ ಕೇಳಿ ಬಂದವನಿಗೆ ಮನೆಯಲ್ಲಿ ಮಾತು ಬೆಳೆಸುವ ತ್ರಾಣ ಇರಲಿಲ್ಲ. ತಟ್ಟೆ ನೋಡಿಕೊಂಡೇ ಹೇಳಿದ.

"ಅಪ್ಪ, ನಮ್ಮ ಡಿಪೋದವನೊಬ್ಬನ ಭಾವ ಊರಾಚೆ ಇಟ್ಟಿಗೆ ಭಟ್ಟಿ ನೋಡ್ಕೊಳ್ತಾನೆ. ಅವನಿಗೊಂದು ನಾಯಿ ಬೇಕಂತೆ. ಬಯಲಿದೆ, ಓಡಾಡ್ಕೊಂಡಿರುತ್ತೆ."

ಮಾವ ಕಲಸಿದ ತುತ್ತನ್ನು ಮತ್ತೆ ಕಲಸಿದರು.

"ತಾತನ ನಾಯೀನ ಕೊಟ್ಬಿಡ್ತೀರಾ?" ಎಂದಳು ಮಗಳು. ಅವಳು ಕಾಲೇಜಿನಲ್ಲಿ ಓದುತ್ತಿದ್ದಳು. ಮನೆಯವರಿಗೆಲ್ಲ ಪುಟ್ಟಿ.

"ನಿನ್ನಮ್ಮ ಎಷ್ಟೂಂತ ಒರೆಸ್ತಾಳೆ? ನೀನು ಒರೆಸ್ತೀಯಾ?"

"ಕಲಿಸೋದಪ್ಪ. ಫೋನಲ್ಲಿ ನೋಡಿದೀನಿ. ಬಾಗಿಲಿಗೆ ಒಂದು ಗಂಟೆ ಕಟ್ಟೋದು. ಅದಕ್ಕೆ ಹೊರಗೆ ಹೋಗ್ಬೇಕು ಅನ್ಸಿದ್ರೆ ಮೂಗಲ್ಲಿ ತಳ್ಳುತ್ತೆ. ತಳ್ಳಿದ ತಕ್ಷಣ ನಾವು ಬಾಗಿಲು ತೆಗೀಬೇಕು. ಗಂಟೆ ಅಂತೂ ತಾತನ ಹತ್ರಾನೇ ಇದೆ."

ಮಾವ ತಲೆ ಎತ್ತಿದರು. ಏನೋ ಹೇಳಹೊರಟವರು ಸೊಸೆಯ ಮುಖ ನೋಡಿ ನಿಲ್ಲಿಸಿದರು. ಅವಳ ಕೈಬೆರಳುಗಳು ನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡಿದ್ದವು.

"ಆಗ್ಲಿ," ಎಂದರು. "ನಾನೇ ಕಲಿಸ್ತೀನಿ. ನೀವೆಲ್ಲ ನಿಮ್ಮ ನಿಮ್ಮ ಕೆಲಸಕ್ಕೆ ಹೋಗಿ."

"ಆರು ವಾರ," ಎಂದಳು ಅವಳು. "ಆರನೇ ಭಾನುವಾರ ಭಟ್ಟಿಯವನು ಬರ್ಲಿ. ಅಷ್ಟರಲ್ಲಿ ಕಲಿತ್ರೆ ಇರ್ಲಿ, ಇಲ್ದಿದ್ರೆ ಹೋಗ್ಲಿ. ನನ್ನ ಕೈಲಾಗಲ್ಲ ಮಾವ. ಅಲ್ಲೂ ಅದೇ, ಇಲ್ಲೂ ಅದೇ."

"ಸರಿಯಮ್ಮಾ. ನೀನು ಹೇಳೋದು ಸರಿ."

ಮಾರನೆಯ ದಿನ ಬಾಗಿಲ ಹಿಡಿಯಿಂದ ಗಂಟೆ ನೇತಾಡಿತು, ನಾಯಿಯ ಮೂಗಿನ ಎತ್ತರಕ್ಕೆ.

ಮೊದಲ ವಾರ ಎರಡು ಸಲ ನೆಲ ಒದ್ದೆಯಾಯಿತು. ಎರಡನೇ ವಾರ ಒಂದು ಸಲವೂ ಇಲ್ಲ. ಅವಳು ಬಾಗಿಲು ತೆರೆದರೆ ಒಣ ನೆಲ. ಎರಡು ದಿನ ನಂಬಿಕೆಯೇ ಬರಲಿಲ್ಲ. ಅಂಗೈ ಇಟ್ಟು ನೋಡಿದಳು.

"ಕಲೀತಾ?"

"ಕಲೀತಾ ಇದೆ," ಎಂದರು ಮಾವ.

"ನಾನು ನೋಡ್ಬೇಕಲ್ಲ ತಾತ, ವೀಡಿಯೋ ಮಾಡ್ತೀನಿ," ಎಂದಳು ಪುಟ್ಟಿ.

"ನೀವಿದ್ರೆ ಅದಕ್ಕೆ ನಾಚಿಕೆ. ಎಲ್ಲರ ಮುಂದೆ ಕೇಳೋಕೆ ಯಾರಿಗಾದ್ರೂ ನಾಚಿಕೆ ಆಗಲ್ವಾ?"

ಸಂಜೆ ಅವಳು ಒಲೆಯ ಮುಂದಿದ್ದಾಗಲೋ ಸ್ನಾನಕ್ಕೆ ಹೋದಾಗಲೋ ಠಣ್ ಎಂದು ಗಂಟೆ ಕೇಳಿಸುತ್ತಿತ್ತು. ಹಿಂದೆಯೇ ಚಿಲಕ ಸರಿದ ಸದ್ದು, ಮಾವನ ಚಪ್ಪಲಿ ಸದ್ದು, ಮೆಟ್ಟಿಲ ಮೇಲೆ ಉಗುರುಗಳ ಟಕಟಕ. ಮನೆ ಹಗುರಾಯಿತು. ಒಂದು ಸಂಜೆ ಅವಳು ಆಲೂಗಡ್ಡೆ ಹೆಚ್ಚುತ್ತಾ ಗುನುಗಿಕೊಂಡಳೆಂದು ಪುಟ್ಟಿ ಅಪ್ಪನಿಗೆ ವರದಿ ಕೊಟ್ಟಳು.

ದರ್ಜಿಯಮ್ಮನೂ ಮೆಟ್ಟಿಲ ಮೇಲೆ ಸಿಕ್ಕಾಗ ನಕ್ಕಳು. "ನಿಮ್ಮನೆ ಗಂಟೆ ಕೇಳಿದ್ರೆ ನಾನು ಮಿಷನ್ ನಿಲ್ಸಿ ಊಟಕ್ಕೆ ಏಳ್ತೀನಿ. ಹನ್ನೆರಡೂವರೆ ಅಂದ್ರೆ ಹನ್ನೆರಡೂವರೆ. ಒಂದು ನಿಮಿಷ ಆಚೀಚೆ ಇಲ್ಲ. ನಾಯಿಗೆ ಗಡಿಯಾರ ನೋಡೋದೂ ಕಲಿಸಿದಾರಾ ನಿಮ್ಮ ಮಾವ?"

ಅವಳೂ ನಕ್ಕು ಮೇಲೆ ಹತ್ತಿದಳು. ಕಾಲು ಎಷ್ಟು ನೋಯುತ್ತಿತ್ತೆಂದರೆ, ಆ ಮಾತು ಮೂರನೇ ಮಹಡಿ ತಲುಪುವಷ್ಟರಲ್ಲಿ ಮರೆತೇ ಹೋಯಿತು.

ಅವಳಿಗೆ ಸಿಟ್ಟು ತರಿಸುತ್ತಿದ್ದದ್ದು ಬೇರೆ. ಬೆಳಗಿನ ಐದಕ್ಕೇ ಅಡುಗೆ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದಳು. ಮೂರು ಗಂಟೆಗೆ ಬಂದು ನೋಡಿದರೆ ಪಾತ್ರೆಗೆ ಕೈ ಹಾಕಿದ ಗುರುತಿಲ್ಲ. ಅವಳು ಬಂದ ಸ್ವಲ್ಪ ಹೊತ್ತಿಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಏನು ಮಾವ?"

"ಏನಿಲ್ಲಮ್ಮಾ. ಸುಮ್ನೆ."

ಒಂದು ನಿಮಿಷ ನಿಂತು ಹೋಗುವರು. ಐದು ನಿಮಿಷಕ್ಕೆ ಮತ್ತೆ ಬರುವರು.

"ಊಟ ಆಯ್ತಾ?"

"ನೀನು ಬಾ, ಒಟ್ಟಿಗೆ ಮಾಡಿದ್ರಾಯ್ತು."

"ಬಡಿಸ್ಕೊಂಡು ತಿನ್ನೋಕೇನು? ನಾನು ಬರೋದು ಮೂರು ಗಂಟೆಗೆ."

"ಇನ್ನೊಬ್ರ ಅಡುಗೆಮನೆ. ಏನು ಯಾರಿಗೆ ಅಂತ ಇಟ್ಟಿದೀಯೋ."

"ಇನ್ನೊಬ್ರದ್ದಾ ಇದು?" ಎಂದು ಅವಳು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮೂರನೆಯ ವಾರ ಮಾವನ ಕಣ್ಣಿನ ಪೊರೆ ತೆಗೆಸುವುದೆಂದು ದಿನ ಗೊತ್ತಾಗಿತ್ತು. ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಗಂಡ ರಜೆ ಹಾಕಿದ. ಬೆಳಿಗ್ಗೆ ಆರಕ್ಕೆ ಮಾವ ನಾಯಿಯನ್ನು ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿ ಬಂದು, ಹೊರಡುವಾಗ ಬಾಗಿಲಲ್ಲಿ ನಿಂತರು.

"ಏನು ಮಾವ, ಏನಾದ್ರೂ ಮರೆತ್ರಾ?"

"ಏನಿಲ್ಲಮ್ಮಾ. ಮಾನಿಟರ್‌ನ ಆಗಾಗ ಸ್ವಲ್ಪ ಕೆಳಗೆ ಬಿಟ್ರೆ..."

"ಅದು ಗಂಟೆ ಹೊಡೆಯುತ್ತಲ್ಲ. ನನಗೆ ಇವತ್ತು ರಜ, ಮನೇಲೇ ಇರ್ತೀನಿ. ನಿಮ್ಮ ಕಣ್ಣಿನ ಕಡೆ ನೋಡ್ಕೊಳ್ಳಿ ನೀವು."

"ಹೂಂ," ಎಂದರು. ಮಗ ಕೆಳಗಿನಿಂದ ಕೂಗಿದ. ಇಳಿದುಹೋದರು.

ವಾರಕ್ಕೊಮ್ಮೆ ಸಿಗುವ ರಜೆ. ಡಬ್ಬಿಗಳನ್ನು ತೊಳೆದಳು, ಪುಟ್ಟಿಯ ಕಪಾಟು ಒಪ್ಪ ಮಾಡಿದಳು, ಗಂಡನ ಖಾಕಿ ಅಂಗಿಗೆ ಗುಂಡಿ ಹಾಕಿದಳು. ಮಧ್ಯಾಹ್ನ ನಾಯಿ ಬಂದು ಅವಳಿಗೂ ಹೊಲಿಗೆಗೂ ನಡುವೆ ನಿಂತಿತು. ಅವಳ ಮೊಣಕಾಲಿನ ಮೇಲೆ ಗಲ್ಲ ಇಟ್ಟಿತು.

"ಏನೋ ನಿಂದು? ತಾತ ಬೇಕಾ? ನಾಳೆ ಬರ್ತಾರೆ ಹೋಗು."

ಅದು ಹೋಗಿ ಬಾಗಿಲ ಮುಂದೆ, ಗಂಟೆಯ ಕೆಳಗೆ ಕೂತಿತು. ಮತ್ತೆ ಮೂರು ಗಂಟೆಗೆ ಬಂತು, ಹೋಯಿತು. ಐದಕ್ಕೆ ಬಂತು. ಗಂಟೆ ಹೊಡೆಯಲಿಲ್ಲವಲ್ಲ, ಹಾಗಾದರೆ ಅವಸರವಿಲ್ಲ ಎಂದು ಅವಳು ಅದರ ತಲೆ ಸವರಿ ಕಳಿಸಿದಳು. ಏಳು ಗಂಟೆಗೆ ಪುಟ್ಟಿ ಬಾಗಿಲು ತಳ್ಳಿಕೊಂಡು ಒಳಗೆ ಬರುವುದಕ್ಕೂ, ನಾಯಿ ಕೂತ ಜಾಗದಲ್ಲೇ, ಗಂಟೆಯ ಕೆಳಗೇ, ಬಿಟ್ಟುಬಿಡುವುದಕ್ಕೂ ಸರಿಹೋಯಿತು. ನಿಲ್ಲಲೇ ಇಲ್ಲ. ನೀರು ಹೊಸ್ತಿಲು ದಾಟಿ ಮೆಟ್ಟಿಲಿಗೆ ಇಳಿಯಿತು.

"ಅಯ್ಯೋ ನಿನ್ನ... ಇಷ್ಟು ದಿನ ಸರಿ ಇದ್ದು ಇವತ್ತೇ ಬೇಕಿತ್ತಾ? ನನ್ನ ರಜೆ ದಿನಾನೇ?" ಅವಳು ಒರೆಸುವ ಕೋಲು ಎತ್ತಿದಳು. ನಾಯಿ ಓಡಲಿಲ್ಲ. ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿತು.

ಕೋಲು ಕೆಳಗಿಳಿಯಿತು. ಅವಳು ಬಟ್ಟೆ ತಂದು ಒರೆಸತೊಡಗಿದಳು. ಒಂದು ಬಟ್ಟೆ ಸಾಲಲಿಲ್ಲ. ಎರಡನೆಯದು, ಮೂರನೆಯದು.

"ಅಮ್ಮಾ," ಎಂದಳು ಪುಟ್ಟಿ, "ಇದು ಬೆಳಿಗ್ಗೆಯಿಂದ ಹೋಗೇ ಇಲ್ವಾ?"

"ಗಂಟೆ ಹೊಡೀಲಿಲ್ಲ ಕಣೇ."

"ಹದಿಮೂರು ಗಂಟೆ ಹೊತ್ತು."

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಗಂಟೆಯ ಕಡೆ ನೋಡಿದಳು. ಎದ್ದು ಹೋಗಿ ಕೈ ತೊಳೆದುಕೊಂಡು, ಬಿಸ್ಕತ್ತಿನ ಚೂರೊಂದನ್ನು ತಂದು ಗಂಟೆಯ ಮೈಗೆ ಒತ್ತಿ ಹಿಡಿದಳು. "ಬಾ, ತಗೋ." ನಾಯಿ ಬಿಸ್ಕತ್ತಿನ ಕಡೆ ಕತ್ತು ಚಾಚಿತು. ಗಂಟೆ ಹತ್ತಿರವಾದದ್ದೇ ತಲೆ ಹಿಂದಕ್ಕೆಳೆದುಕೊಂಡಿತು. ಮೈ ಸಣ್ಣಗೆ ನಡುಗುತ್ತಿತ್ತು. ಪುಟ್ಟಿ ಅದರ ತಲೆ ಹಿಡಿದು ಮುಂದೆ ತರಲು ನೋಡಿದಳು. ಅದು ಕಾಲೂರಿ ಕೂತುಬಿಟ್ಟಿತು. ಆ ಎಳೆದಾಟದಲ್ಲಿ ಅವಳ ಮೊಣಕೈ ತಗಲಿ ಗಂಟೆ ಠಣ್ ಎಂದಿತು.

ನಾಯಿ ಚಂಗನೆ ಎದ್ದು ಬಾಗಿಲಿಗೆ ಮುಖ ಮಾಡಿ ಬಾಲ ಅಲ್ಲಾಡಿಸುತ್ತಾ ನಿಂತಿತು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ತಾತ ಹೊಡೀತಿದ್ರು," ಎಂದಳು ಪುಟ್ಟಿ ಮೆಲ್ಲಗೆ. "ಶಾಲೆ ಥರ. ಗಂಟೆ ಆದ್ರೆ ಮಕ್ಕಳು ಹೊರಗೆ ಹೋಗ್ಬೇಕು."

ಮಾರನೆಯ ದಿನ ಮಾವ ಒಂದು ಕಣ್ಣಿಗೆ ಹಸಿರು ಮರೆ ಕಟ್ಟಿಸಿಕೊಂಡು ಬಂದು ಮಂಚದ ಮೇಲೆ ಕೂತರು. ಅವಳು ಹಾಲು ತಂದುಕೊಟ್ಟು ಎದುರಿಗೆ ಸ್ಟೂಲು ಹಾಕಿಕೊಂಡಳು.

"ಗಂಟೆ ನೀವೇ ಹೊಡೀತಿದ್ರಿ."

ಮಾವ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ಬೆಳಿಗ್ಗೆ ಪ್ರಾರ್ಥನೆ ಗಂಟೆ, ಹನ್ನೊಂದಕ್ಕೊಂದು, ಹನ್ನೆರಡೂವರೆಗೆ ಊಟದ್ದು, ಸಂಜೆ ಒಂದು. ಹೊಡೆದು ಕೆಳಗೆ ಕರ್ಕೊಂಡು ಹೋಗ್ತಿದ್ದೆ. ಅದಕ್ಕೂ ಅಭ್ಯಾಸ ಆಗಿಹೋಯ್ತು."

"ಅದು ಯಾಕೆ ಮುಟ್ಟಲ್ಲ ಗಂಟೇನ?"

"ಮರಿ ಇದ್ದಾಗ ಪರೀಕ್ಷೆ ನಡೀತಾ ಇರುವಾಗ ಒಂದು ಸಲ ಮೂಗಲ್ಲಿ ತಳ್ಳಿಬಿಡ್ತು. ಮಕ್ಕಳೆಲ್ಲ ಟೈಮಾಯ್ತು ಅಂತ ಪೇಪರು ಹಿಡ್ಕೊಂಡು ಎದ್ದುಬಿಟ್ರು. ಹೆಡ್‌ಮೇಷ್ಟ್ರು ನನಗೆ ಅಂದಿದ್ದು ಅಷ್ಟಿಷ್ಟಲ್ಲ. ಆ ಸಿಟ್ಟಲ್ಲಿ ಅದರ ಮೂಗಿನ ಮೇಲೆ ಹೊಡೆದೆ. ಚೆನ್ನಾಗೇ ಹೊಡೆದೆ. ಆಮೇಲೆ ಈವತ್ತಿನವರೆಗೆ ಅದು ಗಂಟೆ ಮುಟ್ಟಿಲ್ಲ." ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಮೂವತ್ತನಾಲ್ಕು ವರ್ಷ ಆ ಗಂಟೇನ ಒಂದು ಮಗೂಗೂ ಮುಟ್ಟೋಕೆ ಬಿಟ್ಟೋನಲ್ಲ ನಾನು. ನೀವು ಅದೇ ಗಂಟೆ ಕಟ್ಟೋಣ ಅಂದ್ರಿ."

"ಅವತ್ತೇ ಹೇಳ್ಬೇಕಿತ್ತು."

"ನಿನ್ನ ಕೈ ನೋಡಿದೆ. ಇವಳಿಗೆ ಇನ್ನೇನು ಹೇಳೋದು ಅನ್ನಿಸ್ತು. ನೆಲ ಒಣಗಿದ್ರೆ ಸಾಕಲ್ಲ ಅಂದ್ಕೊಂಡೆ."

ಅವಳಿಗೆ ಮೋಟುಗೋಡೆಯ ಮೇಲಿನ ಹಾಸಿಗೆ ನೆನಪಾಯಿತು. ಆ ಹಾಸಿಗೆ ಅವಳದೇ. ಒಂಬತ್ತು ವರ್ಷವಾದರೂ ರಾತ್ರಿ ಹಾಸಿಗೆ ಒದ್ದೆ ಮಾಡುವುದು ನಿಂತಿರಲಿಲ್ಲ. ಅಪ್ಪ ಏಳುವ ಮೊದಲೇ ಅಜ್ಜಿ ತಂಬಿಗೆ ನೀರು ತಂದು ಹಾಸಿಗೆಯ ಮೇಲೆ ಸುರಿದುಬಿಡುತ್ತಿದ್ದಳು. ಕೈ ಜಾರಿತು ಕಣಪ್ಪಾ ಎನ್ನುತ್ತಿದ್ದಳು. ವಾರಕ್ಕೆ ಮೂರು ಸಲ ಕೈ ಜಾರುವ ಮುದುಕಿ ಎಂದು ಅಪ್ಪ ಅಜ್ಜಿಗೆ ಬೈಯುತ್ತಿದ್ದ. ಮೊಮ್ಮಗಳಿಗೆ ಒಂದು ಏಟೂ ಬೀಳಲಿಲ್ಲ.

"ಹಾಲು ಆರ್ತಾ ಇದೆ, ಕುಡೀರಿ," ಎಂದು ಎದ್ದಳು.

ಆದರೆ ಪುಟ್ಟಿಯ ಬಾಯಲ್ಲಿ ಮಾತು ನಿಲ್ಲುವುದುಂಟೆ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ತಿಳಿಯಿತು.

"ನಮ್ಮನ್ನೆಲ್ಲ ಮಂಗ ಮಾಡಿದ್ರಲ್ಲಪ್ಪ. ನಾನು ಡಿಪೋದಲ್ಲೆಲ್ಲ ಹೇಳ್ಕೊಂಡು ಬಂದಿದೀನಿ, ನಮ್ಮ ನಾಯಿ ಗಂಟೆ ಹೊಡೆಯುತ್ತೆ ಅಂತ."

"ತಪ್ಪಾಯ್ತು."

"ತಪ್ಪು ಗಿಪ್ಪು ಬಿಡಿ, ಅದು ಬೇರೆ ಮಾತು. ಇನ್ನು ಯಾಕೆ ಕಾಯೋದು? ಭಟ್ಟಿಯವನಿಗೆ ನಾಳೇನೇ ಬಾ ಅಂತೀನಿ."

"ಹೇಳು," ಎಂದರು ಮಾವ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ಒಬ್ಬ ಕಾವಲಿನವನೂ ಬೇಕಂತೆ, ನೀನೇ ಆವತ್ತು ಫೋನಲ್ಲಿ ಮಾತಾಡ್ತಿದ್ದೆ. ಇರೋಕೆ ಕೋಣೆ ಕೊಡ್ತಾರಂತಲ್ಲ. ನನಗೆ ಒಂದು ಕಣ್ಣು ಸರಿಹೋಯ್ತು. ನಾಯಿ ಜೊತೆ ನಾನೂ ಹೋಗ್ತೀನಿ."

ಪುಟ್ಟಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಜನ ನನಗೆ ಉಗೀಲಿ ಅಂತಾನಾ?" ಎಂದ ಗಂಡ ಕೊನೆಗೆ.

"ಜನಕ್ಕೇನು. ನಿಮಗೆ ಜಾಗ ಚಿಕ್ಕದು. ನಾನು ಬಾಗಿಲು ಹಾಕಿದ ಮನೇಲಿದ್ದೋನಲ್ಲ."

ಸೊಸೆ ಅನ್ನದ ಪಾತ್ರೆಯನ್ನು ಮಾವನ ಕಡೆ ಸರಿಸಿದಳು. "ಇನ್ನೂ ಮೂರು ವಾರ ಇದೆ. ಆರು ವಾರ ಅಂದಿದ್ದು ನಾನು. ನಾನಿನ್ನೂ ಮಾತು ತಪ್ಪಿಲ್ಲ."

ಮರುದಿನ ಲಾಂಡ್ರಿಯಿಂದ ಬರುವಾಗ, ಹರಿದು ಚಿಂದಿಗೆ ಹಾಕಿದ್ದ ಒಂದು ಹಾಸುಬಟ್ಟೆಯ ಅಂಚನ್ನು ಕೇಳಿ ತಂದಳು. ಮೊಳದುದ್ದ ಸೀಳಿ, ತುದಿಗೆ ಮೂರು ಗಂಟು ಹಾಕಿ, ಬಾಗಿಲ ಹಿಡಿಗೆ ಕಟ್ಟಿದಳು. ಹಿತ್ತಾಳೆ ಗಂಟೆಯನ್ನು ಒರೆಸಿ ಮಾವನ ಟ್ರಂಕಿನ ಮೇಲಿಟ್ಟಳು.

"ಇದನ್ನ ಎಳೆಯೋಕೆ ಕಲೀಲಿ. ಬಟ್ಟೆ ಮುಟ್ಟಿದ್ದಕ್ಕೆ ಯಾವತ್ತಾದ್ರೂ ಹೊಡೆದಿದೀರಾ?"

"ಇಲ್ಲ."

"ಪರದೆ ಮೇಲೆ ಮಾಡಿದಾಗ್ಲೂ ಹೊಡೀಲಿಲ್ಲವಲ್ಲ. ಹಾಗಾದ್ರೆ ಸರಿ."

ಕಲಿಸುವುದೆಂದರೆ ಬೇಸರದ ಕೆಲಸ. ಬಟ್ಟೆಯ ಗಂಟಿಗೆ ಬೇಯಿಸಿದ ಮೊಟ್ಟೆಯ ಹಳದಿ ತಿಕ್ಕಬೇಕು. ನಾಯಿ ನೆಕ್ಕಿದರೆ ಬಾಗಿಲು ತೆಗೆಯಬೇಕು. ಬಾಯಿ ಹಾಕಿದರೆ ಬಾಗಿಲು ತೆಗೆದು ಚೂರು ಬಿಸ್ಕತ್ತು ಕೊಡಬೇಕು. ಆಮೇಲೆ ನಲವತ್ತೆಂಟು ಮೆಟ್ಟಿಲು ಇಳಿಯಬೇಕು, ಅದಕ್ಕೆ ಅವಸರ ಇರಲಿ ಬಿಡಲಿ. ಮೊದಲ ವಾರ ಅದು ಬಟ್ಟೆಯನ್ನು ಮೊಟ್ಟೆಗಾಗಿ ನೆಕ್ಕಿತು, ನೆಲವನ್ನೂ ಎರಡು ಸಲ ಒದ್ದೆ ಮಾಡಿತು. ಲಾಂಡ್ರಿಯಲ್ಲಿ ನಿಂತು ನಿಂತು ಬಾತ ಪಾದಗಳಲ್ಲಿ ಅವಳು ಮೆಟ್ಟಿಲು ಇಳಿದಳು, ಹತ್ತಿದಳು. ನಾಯಿ ಕೆಳಗೆ ಸುಮ್ಮನೆ ಗಾಳಿ ಮೂಸಿ ಬಂತು.

"ಇದಕ್ಕೆ ಹವಾ ಸೇವನೆ, ನನಗೆ ಕಾಲುನೋವು," ಎಂದಳು ದರ್ಜಿಯಮ್ಮನಿಗೆ.

"ನೀವು ಮೇಲಿಂದ ಬಿಡಿ, ಕೆಳಗಿನ ಬಾಗಿಲು ನಾನು ತೆಗೀತೀನಿ. ಹೇಗೂ ನೂಲು ತರೋಕೆ ಇಳೀತಾನೇ ಇರ್ತೀನಿ." ಅಷ್ಟು ಹೇಳಿ ದರ್ಜಿಯಮ್ಮ ಬಟ್ಟೆಗಂಟನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡಳು.

ಇನ್ನೊಂದು ಬೆಳಿಗ್ಗೆ ಅವಳು ಐದಕ್ಕೆ ಎದ್ದಾಗ ನಾಯಿಯ ಹಗ್ಗ ಮೊಳೆಯ ಮೇಲೆ ಇಬ್ಬನಿಗೆ ತೇವವಾಗಿತ್ತು. ಮಾವ ಇನ್ನೂ ನಿದ್ದೆಯಲ್ಲಿದ್ದರು. ನಾಲ್ಕೂವರೆಯ ಮೊದಲ ಬಸ್ಸಿಗೆ ಹೋದ ಗಂಡ ಹೊರಡುವ ಮುಂಚೆ ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗಿ ಬಂದಿದ್ದ. ಸಂಜೆ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಗ್ಗ ಮಾತ್ರ ದಿನಾ ತೇವವಾಗಿರುತ್ತಿತ್ತು.

ಅವಳ ಕಣ್ಣಿಗೆ ಈಗ ಇನ್ನೊಂದು ಬೀಳತೊಡಗಿತು. ನಾಯಿ ಬಟ್ಟೆ ಎಳೆಯಲಿ ಬಿಡಲಿ, ಅವಸರವಾದಾಗಲೆಲ್ಲ ಯಾರದಾದರೂ ಮೊಣಕಾಲಿಗೆ ಗಲ್ಲ ಇಡುತ್ತಿತ್ತು. ಆ ರಜೆಯ ದಿನವೂ ಮೂರು ಸಲ ಇಟ್ಟಿತ್ತು. ಅವಳು ಮೂರು ಸಲವೂ ಹೋಗು ಎಂದಿದ್ದಳು.

ಅದನ್ನು ಗಮನಿಸಿದ ದಿನವೇ, ಅವಳು ಮೂರಕ್ಕೆ ಬಂದ ಸ್ವಲ್ಪ ಹೊತ್ತಿಗೆ, ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನು ಮಾವ?"

"ಏನಿಲ್ಲಮ್ಮಾ."

ಅವಳು ಕೈಯಲ್ಲಿದ್ದ ಸೌಟು ಇಟ್ಟು ಅವರನ್ನು ನೋಡಿದಳು. ಅಂಗಿ ಹೆಗಲ ಮೇಲೆ ಸಡಿಲವಾಗಿ ಜಾರಿತ್ತು. ಬಂದಾಗ ಅಷ್ಟು ಸಡಿಲ ಇರಲಿಲ್ಲ. ಮೂವತ್ತನಾಲ್ಕು ವರ್ಷ ಹನ್ನೆರಡೂವರೆಗೆ ಗಂಟೆ ಹೊಡೆದು ಉಂಡವರು ಈ ಮನೆಗೆ ಬಂದಂದಿನಿಂದ ಮೂರು ಗಂಟೆಯವರೆಗೆ ಕಾಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಹೊರಡುವಾಗ ಒಂದು ತಟ್ಟೆಯಲ್ಲಿ ಅನ್ನ, ಪಲ್ಯ, ಮೊಟ್ಟೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. "ಇದು ನಿಮ್ಮದು. ಹನ್ನೆರಡೂವರೆಗೆ." ಮೂರು ಗಂಟೆಗೆ ಬಂದಾಗ ತಟ್ಟೆ ತೊಳೆದು ಕವುಚಿಟ್ಟಿತ್ತು. ಮಾವ ಅಡುಗೆಮನೆಯ ಬಾಗಿಲಿಗೆ ಬರಲಿಲ್ಲ.

ಆರನೇ ಭಾನುವಾರ ಅವಳಿಗೆ ಕೆಲಸವಿತ್ತು. ಕಣ್ಣಿನ ಆಪರೇಷನ್ನಿನ ಮರುದಿನ ಮನೆಯಲ್ಲೇ ಉಳಿದಿದ್ದಕ್ಕೆ ಬದಲಾಗಿ ಭಾನುವಾರ ಬರುತ್ತೇನೆಂದು ಒಪ್ಪಿಕೊಂಡಿದ್ದಳು. ಗಂಡ ಬಸ್ಸಿನಲ್ಲಿ, ಪುಟ್ಟಿ ಗೆಳತಿಯ ಮನೆಯಲ್ಲಿ. ಲಾಂಡ್ರಿಯ ಒಂದು ಯಂತ್ರ ಕೆಟ್ಟು ನಿಂತಿತ್ತು. ಒದ್ದೆ ಗಂಟುಗಳನ್ನು ಕೈಯಲ್ಲೇ ಎತ್ತಿ ಹಾಕಿ, ಹಾಕಿ, ಮೂರೂವರೆಗೆ ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಒಂದೊಂದು ಮಹಡಿಯಲ್ಲೂ ನಿಲ್ಲಬೇಕಾಯಿತು.

ಎರಡನೇ ಮಹಡಿಯಲ್ಲಿ ಭಟ್ಟಿಯವನು ಕೂತಿದ್ದ. ಕಾಲಿಗೆ ಕೆಂಪು ಧೂಳು, ಪಕ್ಕದಲ್ಲಿ ಹೊಸ ಹಗ್ಗ. ದರ್ಜಿಯಮ್ಮ ಅವನಿಗೆ ನೀರು ಕೊಟ್ಟಿದ್ದಳು.

"ನೀವು ಬರ್ಲಿ ಅಂತ ಕಾಯ್ತಾ ಇದೀನಿ," ಎಂದ ಅವನು. "ಅಜ್ಜಾವ್ರು ಸೊಸೆ ಬರದೆ ಕೊಡಲ್ಲ ಅಂದ್ರು."

ಅವಳ ಹಿಂದೆಯೇ ಅವನೂ ಹತ್ತಿದ. ಬಾಗಿಲು ತೆರೆದೇ ಇತ್ತು. ಬಾಗಿಲ ಪಕ್ಕದ ಗೋಡೆಗೆ ನಾಯಿಯ ಊಟದ ಬಟ್ಟಲನ್ನು ತೊಳೆದು ಒರಗಿಸಿಟ್ಟಿತ್ತು. ಅದರ ಪಕ್ಕದಲ್ಲಿ ಮಾವನ ಬಟ್ಟೆಯ ಚೀಲ, ಬಾಯಿ ಕಟ್ಟಿದ್ದು. ಚೀಲದ ಮೇಲೆ ಹಿತ್ತಾಳೆ ಗಂಟೆ.

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು. ನಾಯಿ ಅವರ ಪಾದದ ಮೇಲೆ ಮಲಗಿತ್ತು.

"ಇವತ್ತು ಹೇಗೆ?" ಎಂದಳು ಅವಳು ಬಾಗಿಲಲ್ಲೇ ನಿಂತು.

ಎಳೀತು ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಮಾವ ಮರೆ ಕಳಚಿದ ಕಣ್ಣನ್ನು ಕಿರಿದು ಮಾಡಿ ಅವಳನ್ನು ನೋಡಿದರು.

"ಬೆಳಿಗ್ಗೆ ಎಳೀತು. ತಾನಾಗೇ. ಮೊಟ್ಟೆ ಗಿಟ್ಟೆ ತಿಕ್ಕಿರ್ಲಿಲ್ಲ. ಹನ್ನೊಂದಕ್ಕೂ ಎಳೀತು. ಊಟ ಆದ್ಮೇಲೆ ಎಳೀಲಿಲ್ಲ. ಬಟ್ಟೆ ಹತ್ರ ಹೋಗಿ ನೋಡ್ಕೊಂಡು ವಾಪಸ್ ಬಂತು, ನನ್ನ ಮೊಣಕಾಲಿಗೆ ಗಲ್ಲ ಇಟ್ಟಿತು. ಕರ್ಕೊಂಡು ಹೋದೆ." ಬಗ್ಗಿ ನಾಯಿಯ ತಲೆ ಸವರಿದರು. "ಪೂರ್ತಿ ಕಲಿತಿದೆ ಅಂತ ನಾನು ಹೇಳಲ್ಲ."

"ನೆಲ?"

"ಒಣಗಿದೆ."

ಅವಳು ಭಟ್ಟಿಯವನ ಕಡೆ ತಿರುಗಿದಳು. "ನಿಮಗೆ ಸುಮ್ಮನೆ ತೊಂದರೆ ಆಯ್ತು. ನಾಯಿ ಕೊಡೋದಿಲ್ಲ."

"ಪೂರ್ತಿ ಕಲಿತಿಲ್ಲ ಅಂತ ಅವರೇ ಹೇಳ್ತಿದಾರಲ್ಲಮ್ಮಾ?"

"ಹೂಂ. ಇಷ್ಟು ಸಾಕು ನಮಗೆ."

"ಮತ್ತೆ ಅಜ್ಜಾವ್ರು? ಕಾವಲಿಗೆ ಬರ್ತೀನಿ ಅಂದಿದ್ರು..."

"ಅವರನ್ನೂ ಕೊಡೋದಿಲ್ಲ," ಎಂದಳು. ಭಟ್ಟಿಯವನು ನಕ್ಕ. ಅವಳು ನಗಲಿಲ್ಲ. ನಗುವುದಕ್ಕೂ ಶಕ್ತಿ ಬೇಕು.

ಅವನು ಹಗ್ಗ ಸುತ್ತಿಕೊಂಡು ಇಳಿದುಹೋದ. ಕೆಳಗೆ ದರ್ಜಿಯಮ್ಮ ಏನಾಯಿತೆಂದು ಕೇಳಿದ್ದು, ಅವನು ಹೇಳಿದ್ದು, ಆಮೇಲೆ ಹೊಲಿಗೆ ಯಂತ್ರ ಮತ್ತೆ ಶುರುವಾದದ್ದು ಮೇಲಕ್ಕೆ ಕೇಳಿಸಿತು.

ಬಾಗಿಲ ಬಳಿ ಚಪ್ಪಲಿ ಬಿಡಲು ಒಂದು ಗಿಡ್ಡ ಪೀಠವಿತ್ತು. ಅವಳು ಅದರ ಮೇಲೆ ಕೂತಳು. ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದವಳು ಬಿಚ್ಚದೆ ಹಾಗೇ ಗೋಡೆಗೆ ತಲೆ ಆನಿಸಿದಳು. ಹನ್ನೊಂದು ವರ್ಷದಿಂದ ದಿನಾ ಅಲ್ಲಿ ಹಾಗೆಯೇ ಕೂರುತ್ತಿದ್ದಳು. ಎರಡು ನಿಮಿಷ ಕಳೆದು ಎದ್ದು ಒಲೆ ಹಚ್ಚುತ್ತಿದ್ದಳು. ಮೂರು ಗಂಟುಗಳ ಬಟ್ಟೆ ಅವಳ ಕಿವಿಯ ಪಕ್ಕ ನೇತಾಡುತ್ತಿತ್ತು. ಅದರಿಂದ ಸೋಪು, ಮೊಟ್ಟೆ, ನಾಯಿ ಮೂರರ ವಾಸನೆಯೂ ಬರುತ್ತಿತ್ತು.

ಮಾವ ಎದ್ದರು. ಗಂಟೆಯನ್ನು ಟ್ರಂಕಿನ ಮೇಲಿಟ್ಟು, ಚೀಲವನ್ನು ಎತ್ತಿಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದರು. ಅಡುಗೆಮನೆಯ ಬಾಗಿಲ ತನಕ ಹೋಗಿ, ಅಭ್ಯಾಸದ ಹಾಗೆ ಒಂದು ಕ್ಷಣ ಅಲ್ಲೇ ನಿಂತರು. ಆಮೇಲೆ ಒಳಗೆ ಕಾಲಿಟ್ಟರು. ಪಾತ್ರೆಯ ಮುಚ್ಚಳ ಸರಿದ ಸದ್ದಾಯಿತು. ಕಡ್ಡಿ ಗೀರಿದ ಸದ್ದು, ಮತ್ತೊಂದು ಕಡ್ಡಿ. ಯಾವುದೋ ಡಬ್ಬಿ ಬಿತ್ತು.

"ಏನು ಮಾವ?" ಎಂದಳು ಅವಳು ಕಣ್ಣು ತೆರೆಯದೆ.

"ಏನಿಲ್ಲಮ್ಮಾ."

ಸ್ವಲ್ಪ ಹೊತ್ತಿಗೆ ಅವಳ ಮೊಣಕಾಲಿಗೆ ಏನೋ ತಗಲಿತು. ನಾಯಿಯಿರಬೇಕೆಂದು ಕೈ ಚಾಚಿದಳು. ಬೆರಳಿಗೆ ಬಿಸಿ ತಟ್ಟೆಯ ಅಂಚು ಸಿಕ್ಕಿತು. ಅನ್ನ, ಬೇಳೆ, ಎರಡು ಹೋಳು ಮಾಡಿದ ಮೊಟ್ಟೆ. ಅವಳ ಎರಡು ಕೈಗೂ ತಟ್ಟೆ ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂದು ನೋಡಿಕೊಂಡು ಮಾವ ಕೈ ಬಿಟ್ಟರು. ಆಮೇಲೆ ನೀರು ತರಲು ಒಳಗೆ ಹೋದರು.